ಜಹಾರಿ ಕಾಲಿಡದ ಊರು

ಲ್ಯುಬೆನ್‌ಗೆ ಬೇಕಾಗಿದ್ದುದು ಒಂದೇ ಒಂದು: ಜಹಾರಿ ಕಾಲಿಡದ ಊರು. ಅಂಥ ಊರು ಸಿಗುವುದು ಎಷ್ಟು ಕಷ್ಟವೆಂಬುದು ಹುಡುಕಲು ಹೊರಟ ಮೇಲೆಯೇ ಅವನಿಗೆ ಗೊತ್ತಾಯಿತು.

ಜಹಾರಿ ನೆವೆನಾಳ ಗಂಡ. ಸತ್ತು ಏಳು ವರ್ಷವಾಗಿತ್ತು. ಬದುಕಿದ್ದಾಗ ಪ್ರವಾಸಿ ಬಸ್ಸು ಓಡಿಸುತ್ತಿದ್ದ. ಸೀಟು ಖಾಲಿ ಉಳಿದರೆ ಹೆಂಡತಿಯನ್ನೂ ಕೂರಿಸಿಕೊಂಡು ಹೊರಟುಬಿಡುತ್ತಿದ್ದ. ಅದರ ಫಲವಾಗಿ ಲ್ಯುಬೆನ್ ಅವಳನ್ನು ಎಲ್ಲಿಗೇ ಕರೆದುಕೊಂಡು ಹೋಗಲಿ, ಅಲ್ಲಿ ಜಹಾರಿ ಮೊದಲೇ ಬಂದು ಹೋಗಿರುತ್ತಿದ್ದ. ವಾರ್ನಾದ ಸಮುದ್ರದ ದಂಡೆಯಲ್ಲಿ ಕೂತು ಹುರಿದ ಮೀನು ತಿನ್ನುವಾಗ ಅವಳು, "ಇಲ್ಲೇ ಜಹಾರಿ ಚಪ್ಪಲಿ ಕಿತ್ತುಹೋಗಿದ್ದು, ಬರಿಗಾಲಲ್ಲೇ ಬಸ್ಸು ಓಡಿಸಿದ" ಎನ್ನುವಳು. ಥೆಸಲೋನಿಕಿಗೆ ಹೋದರೆ ಅಲ್ಲಿ ಅವನು ದಾರಿ ತಪ್ಪಿ ಮೀನು ಮಾರುಕಟ್ಟೆಯೊಳಗೆ ಬಸ್ಸು ನುಗ್ಗಿಸಿದ ಕಥೆ. ಇಸ್ತಾಂಬುಲ್‌ನಲ್ಲಂತೂ ಹೋಟೆಲಿನ ಮಾಲೀಕನೇ ಎದ್ದು ಬಂದು, "ಜಹಾರಿ ಚೆನ್ನಾಗಿದ್ದಾರಾ?" ಎಂದು ಕೇಳಿಬಿಟ್ಟ. ಲ್ಯುಬೆನ್ ಆ ರಾತ್ರಿ ಊಟ ಬಿಟ್ಟ. ಬದುಕಿದ್ದವನಾಗಿದ್ದರೆ ಎದುರು ನಿಂತು ನಾಲ್ಕು ಮಾತು ಆಡಬಹುದಿತ್ತು. ಸತ್ತವನ ಮೇಲೆ ಏನೆಂದು ಜಗಳ ತೆಗೆಯುವುದು?

ಬಲ್ಗೇರಿಯಾದ ಕ್ಯುಸ್ತೆಂದಿಲ್‌ನಲ್ಲಿ ಇಬ್ಬರೂ ಒಂದೇ ಮನೆಯಲ್ಲಿ ಇರಲು ಶುರುಮಾಡಿ ನಾಲ್ಕು ವರ್ಷವಾಗಿತ್ತು. ಅವನು ಐವತ್ತು ದಾಟಿದ ಗಂಡಸು, ಕಾರು ಕಲಿಸುವ ಮೇಷ್ಟ್ರು. ಮೊದಲ ಹೆಂಡತಿ ಬಿಟ್ಟುಹೋಗಿ ಸ್ಪೇನ್ ಸೇರಿದ್ದಳು. ನೆವೆನಾ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು. ಜಗಳ ಕಡಿಮೆ, ನಗು ಸಾಕಷ್ಟು. ಮದುವೆ ಮಾತ್ರ ಆಗಿರಲಿಲ್ಲ. ಎರಡು ಸಲ ಕೇಳಿದ್ದ. ಎರಡು ಸಲವೂ ಅವಳು ಕೈಯಲ್ಲಿದ್ದ ಕೆಲಸದಿಂದ ತಲೆಯೆತ್ತದೆ "ನೋಡೋಣ" ಎಂದಿದ್ದಳು. ಆಗಲ್ಲ ಎಂದಿದ್ದರೆ ಕುಡಿದು ಅತ್ತು ಸುಮ್ಮನಾಗುತ್ತಿದ್ದ. "ನೋಡೋಣ" ಎನ್ನುವುದು ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಒತ್ತುತ್ತಲೇ ಇತ್ತು.

ಯಾಕೆ ನೋಡೋಣ ಅಂತ ಅವನಿಗೆ ಗೊತ್ತಿರಲಿಲ್ಲವೆಂದೇನಲ್ಲ. ಗೊತ್ತಿತ್ತು, ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ. ಆ ಸೀಮೆಯಲ್ಲಿ ಸತ್ತವರಿಗೆಂದು ವರ್ಷಕ್ಕೆ ಮೂರು ಶನಿವಾರ ಇಟ್ಟಿದ್ದಾರೆ. ಹೆಂಗಸರು ಗೋಧಿ ಬೇಯಿಸಿ, ಸಕ್ಕರೆ ವಾಲ್‌ನಟ್ ಬೆರೆಸಿ, ಸಮಾಧಿಯ ಬಳಿ ಒಯ್ದು, ಸಿಕ್ಕಿದವರ ಕೈಗೆಲ್ಲ ಒಂದೊಂದು ಚಮಚ ಹಾಕುತ್ತಾರೆ. ತೆಗೆದುಕೊಂಡವರು ಸತ್ತವರ ಹೆಸರು ಹೇಳಿ "ದೇವರು ಕ್ಷಮಿಸಲಿ" ಅನ್ನಬೇಕು. ಅಷ್ಟೇ. ಅವರಿಬ್ಬರೂ ಒಟ್ಟಿಗಿದ್ದ ಮೊದಲನೆಯ ವರ್ಷ ನೆವೆನಾ ಸಮಾಧಿಯಿಂದ ಬಂದವಳು ಒಂದು ಬಟ್ಟಲು ಗೋಧಿಯನ್ನು ಲ್ಯುಬೆನ್‌ನ ಮುಂದೆಯೂ ಇಟ್ಟಳು. ಅವನು ಬಟ್ಟಲನ್ನು ಒಂದು ಬೆರಳಿನಿಂದ ಆಚೆಗೆ ತಳ್ಳಿ, "ಅವನ ಪಾಲು ನನಗ್ಯಾಕೆ? ಅವನಿಗೇ ಇರಲಿ" ಎಂದು ನಕ್ಕ. ನೆವೆನಾ ನಗಲಿಲ್ಲ. ಬಟ್ಟಲನ್ನು ಎತ್ತಿಕೊಂಡು ಪಕ್ಕದ ಮನೆಗೆ ಹೋದಳು. ಮತ್ತೆಂದೂ ಅವನ ಮುಂದೆ ಇಡಲಿಲ್ಲ. ಅವನೂ ಕೇಳಲಿಲ್ಲ.

ನಾಲ್ಕನೆಯ ವರ್ಷದ ಚಳಿಗಾಲ ಮುಗಿಯುವ ಹೊತ್ತಿಗೆ ಅವನ ತಲೆಗೆ ಹುಳ ಹೊಕ್ಕಿತು. ಜಹಾರಿಯ ನೆನಪಿಲ್ಲದ ಒಂದು ಊರಿಗೆ ಕರೆದುಕೊಂಡು ಹೋಗಿ, ಅಲ್ಲಿ ಮೂರನೆಯ ಸಲ ಕೇಳಬೇಕು. ಅಲ್ಲಿ "ನೋಡೋಣ" ಅನ್ನಲಿ, ನೋಡಿಯೇಬಿಡುತ್ತೇನೆ ಎಂದುಕೊಂಡ. ಒಂದು ಭಾನುವಾರ ಟೀವಿಯಲ್ಲಿ ಯಾವುದೋ ಪ್ರವಾಸದ ಕಾರ್ಯಕ್ರಮ ಬರುತ್ತಿದ್ದಾಗ ಏನೂ ಗೊತ್ತಿಲ್ಲದವನ ಮುಖ ಹೊತ್ತು ಕೇಳಿದ:

"ವೆನಿಸ್ ನೋಡಿದ್ದೀಯೇನೇ?"

"ಇಲ್ಲ. ನೋಡಿಲ್ಲ."

"ಅವನೂ?"

"ಅವನೂ ನೋಡಿಲ್ಲ" ಎಂದಳು ನೆವೆನಾ. ಇನ್ನೇನೋ ಹೇಳುವವಳಿದ್ದಳು. ಲ್ಯುಬೆನ್ ಅಷ್ಟರಲ್ಲಿ ಎದ್ದು ಅಡುಗೆಮನೆಗೆ ಹೋಗಿ, ಬೇಕಿಲ್ಲದ ನೀರನ್ನು ಎರಡು ಲೋಟ ಕುಡಿದ. ಕೊನೆಗೂ ಸಿಕ್ಕಿತ್ತು.

ಟಿಕೇಟು ಕೊಳ್ಳಲು ದಿನ ಗೊತ್ತು ಮಾಡಿದ್ದನ್ನು ಕೇಳಬೇಕು. ಚಳಿಗಾಲದ ಸತ್ತವರ ಶನಿವಾರ ಮುಗಿಸಿ ಅವಳು ಸಮಾಧಿಯಿಂದ ಬೂಟಿನ ಮಂಜು ಕೊಡವುತ್ತಾ ಬಂದ ದಿನವೇ ಅವನು ಕೂತು ಕೊಂಡದ್ದು. 'ಇವತ್ತು ಒಂದು ಮುಗೀತು, ಇನ್ನು ಶರತ್ಕಾಲದವರೆಗೆ ತಂಟೆಯಿಲ್ಲ' ಎಂದು ಲೆಕ್ಕ ಹಾಕಿ, ಜೂನ್ ತಿಂಗಳ ಒಂದು ವಾರದ ಕೊನೆಯನ್ನು ಆರಿಸಿದ. ಚಳಿಗಾಲದ್ದು ಲೆಕ್ಕಕ್ಕೆ ಬಂತು, ಶರತ್ಕಾಲದ್ದು ಬಂತು. ನಡುವಿನದು ಬರಲಿಲ್ಲ. ಈಸ್ಟರಿನ ಜೊತೆ ಪ್ರತಿವರ್ಷ ಹಿಂದೆಮುಂದೆ ಸರಿದಾಡುವ ಆ ನಡುವಿನ ಶನಿವಾರಕ್ಕೆ ಅಲ್ಲಿನವರು ಚೆರ್ರಿ ಶನಿವಾರ ಎನ್ನುತ್ತಾರೆ. ಚೆರ್ರಿ ಹಣ್ಣನ್ನು ಮೊದಲು ಸತ್ತವರ ಹೆಸರಲ್ಲಿ ಹಂಚಿ, ಆಮೇಲೆ ಮನೆಯವರು ಬಾಯಿಗೆ ಹಾಕಿಕೊಳ್ಳುವ ದಿನ. ದೇಶಕ್ಕೆಲ್ಲ ಚೆರ್ರಿ ಕಳಿಸುವ ಊರಿನಲ್ಲಿ ಹುಟ್ಟಿ ಬೆಳೆದ ಗಂಡಸು ಮರೆತದ್ದು ಅದನ್ನೇ. ಜೂನ್‌ನಲ್ಲಿ ಅವನ ಶಿಷ್ಯರಿಗೆ ಪರೀಕ್ಷೆಯ ಕಾಲ, ಆ ಶನಿವಾರಗಳಲ್ಲಿ ಅವನು ಮನೆಯಲ್ಲಿ ಇರುತ್ತಿದ್ದುದೇ ಇಲ್ಲ. ಹಾಗೆಂದು ಸಬೂಬು ಹೇಳಬಹುದು. ಸಬೂಬು ಯಾರಿಗೂ ಕಡಿಮೆಯಿಲ್ಲ.

ನಾಲ್ಕು ತಿಂಗಳು ಅವನು ಗುಟ್ಟು ಕಾಯ್ದ. ಯಾರಿಗೂ ಹೇಳಲಿಲ್ಲ, ನೆವೆನಾಳ ಅಕ್ಕ ದೋನ್ಕಾಳಿಗೂ ಸುಳಿವು ಬಿಡಲಿಲ್ಲ. ಹೇಳಿದ್ದರೆ ಅವಳಾದರೂ ತಲೆಗೆ ಮೊಟಕಿ ತಿದ್ದುತ್ತಿದ್ದಳು. ಉಂಗುರ ಕೊಂಡು, ಮದುವೆಗೂ ಮಸಣಕ್ಕೂ ಮಾತ್ರ ಹಾಕುವ ಬೂದು ಕೋಟಿನ ಒಳಜೇಬಿನಲ್ಲಿ ಇಟ್ಟ. ಆ ಜೇಬಿಗೆ ತೂತು ಬಿದ್ದಿದ್ದು ನೆನಪಾಗಿ, ಉಂಗುರವನ್ನು ಕರವಸ್ತ್ರದಲ್ಲಿ ಸುತ್ತಿ ಇಟ್ಟ. ಮೇ ಕೊನೆಯಲ್ಲಿ ಮಾರುಕಟ್ಟೆಗೆ ಮೊದಲ ಚೆರ್ರಿ ಬಂದಾಗ ಒಂದು ಬುಟ್ಟಿ ತಂದು ಅವಳ ಮುಂದೆ ಇಟ್ಟ.

"ಇನ್ನೂ ಬೇಡ" ಎಂದಳು.

"ಹುಳ ಇಲ್ಲ ಕಣೇ, ನೋಡು, ಕಲ್ಲಿನ ಥರ ಇದೆ."

"ಇನ್ನೂ ಬೇಡ ಅಂದೆನಲ್ಲ."

ಅವಳಿಗೆ ಏನೋ ಮುನಿಸು ಎಂದುಕೊಂಡು ಪೂರ್ತಿ ಬುಟ್ಟಿಯನ್ನು ತಾನೇ ತಿಂದು ಎರಡು ದಿನ ಹೊಟ್ಟೆ ಹಿಡಿದುಕೊಂಡು ಕೂತ.

ಹೊರಡಬೇಕಾದ ಶುಕ್ರವಾರ ಬೆಳಿಗ್ಗೆ ಅವನು ಹೊಲಿಗೆ ಅಂಗಡಿಗೆ ನುಗ್ಗಿದಾಗ ನೆವೆನಾ ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡು ಯಾರದೋ ಪ್ಯಾಂಟು ಮಡಚುತ್ತಿದ್ದಳು.

"ಬಾಗಿಲು ಹಾಕು ಅಂಗಡೀದು."

ಅವಳು ಸೂಜಿಗಳ ನಡುವಿನಿಂದಲೇ ಕೇಳಿದಳು: "ಯಾರು ಹೋದ್ರು?"

"ಯಾರೂ ಹೋಗ್ಲಿಲ್ಲ, ಬಿಡ್ತು ಅನ್ನು. ನಾವು ಹೋಗ್ತಿರೋದು. ವೆನಿಸ್‌ಗೆ! ಸಾಯಂಕಾಲ ವಿಮಾನ, ಭಾನುವಾರ ವಾಪಸ್ಸು. ನಾನು ನೀನು ಇಬ್ಬರೇ."

ನೆವೆನಾ ಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು. ಈಗ ಕಿರುಚುತ್ತಾಳೆ, ಈಗ ಕುತ್ತಿಗೆಗೆ ಬೀಳುತ್ತಾಳೆ ಎಂದು ಇವನು ಕೈ ಅಗಲಿಸಿಕೊಂಡೇ ನಿಂತಿದ್ದ.

"ಇವತ್ತಾ?"

"ಇವತ್ತೇ!"

"ನಾಳೆ ಶನಿವಾರ ಲ್ಯುಬೊ."

"ಹೌದು ತಾಯಿ, ಶುಕ್ರವಾರ ಆದ್ಮೇಲೆ ಶನಿವಾರಾನೇ ಬರೋದು. ನಾನೇನು ಮಾಡ್ಲಿ?"

ಅವಳು ಅವನ ಮುಖವನ್ನು ನೋಡಿದಳು. ನೋಡಿ, ಆ ಮುಖದಲ್ಲಿ ನಿಜವಾಗಿಯೂ ಏನೂ ಇಲ್ಲ, ಬರೀ ಸಂತೋಷ ಇದೆ ಎನ್ನುವುದು ಖಾತ್ರಿಯಾದ ಮೇಲೆ, ಏಪ್ರನ್ ಬಿಚ್ಚಿದಳು. "ಮನೇಲಿ ಎರಡು ಗಂಟೆ ಕೆಲಸ ಇದೆ. ಅಷ್ಟು ಹೊತ್ತು ಕೊಡು" ಎಂದಳು.

ಅವನು ಮನೆ ಮುಂದೆ ಕಾರು ತಂದಾಗ ಅಡುಗೆಮನೆಯ ಕಿಟಕಿಗಳೆಲ್ಲ ಹಬೆ ಹಿಡಿದಿದ್ದವು. ವಾಲ್‌ನಟ್ ಕುಟ್ಟುವ ಸದ್ದು. ಆಮೇಲೆ ಬಾಗಿಲು ಮುಚ್ಚಿಕೊಂಡು ದೋನ್ಕಾಳ ಜೊತೆ ಫೋನಿನಲ್ಲಿ ಮಾತು. "ಅಲ್ಲೂ ತಿನ್ನೋಕೆ ಸಿಗುತ್ತೆ ಕಣೇ" ಎಂದು ಅವನು ಹೊರಗಿನಿಂದ ಕೂಗಿದ. "ಇದು ಸಿಗಲ್ಲ" ಎಂದಳು. ದಾರಿಯಲ್ಲಿ ತಿನ್ನಲು ಏನೋ ಮಾಡಿದ್ದಾಳೆ, ಸಿಟ್ಟಿದ್ದವಳು ತಿಂಡಿ ಮಾಡುತ್ತಾಳೆಯೇ ಎಂದುಕೊಂಡು ಅವನು ಸೀಟಿ ಹಾಕುತ್ತಾ ಸೂಟ್‌ಕೇಸು ಡಿಕ್ಕಿಗೆ ಎತ್ತಿಟ್ಟ. ಸೋಫಿಯಾ ತಲುಪುವವರೆಗೂ ಅವನೇ ಮಾತಾಡಿದ. ಅವಳು "ಹೂಂ" ಅಂದಳು, "ಹೌದಾ" ಅಂದಳು, ಒಂದೆರಡು ಸಲ ನಕ್ಕಳು ಕೂಡ.

ವಿಮಾನ ನಿಲ್ದಾಣದಲ್ಲಿ ಚೀಲಗಳನ್ನು ಯಂತ್ರದೊಳಗೆ ಕಳಿಸುವ ಕಡೆ ಸಾಲು ನಿಂತರು. ಕೋಟು ಬಿಚ್ಚಿ ತಟ್ಟೆಯಲ್ಲಿಡಬೇಕು, ಉಂಗುರ ಎಲ್ಲಿ ಬಿದ್ದುಹೋಗುತ್ತದೋ ಎಂದು ಒಳಜೇಬು ತಡಕಿದ. ತೂತು ಸಿಗಲಿಲ್ಲ. ಕರವಸ್ತ್ರದ ಗಂಟು ಭದ್ರವಾಗಿಯೇ ಇತ್ತು. ತೂತು ಇದ್ದದ್ದು ಇನ್ನೊಂದು ಜೇಬಿಗಿರಬೇಕು, ವಯಸ್ಸಾಯಿತು ಎಂದುಕೊಂಡ. ಕೋಟು ಸಲೀಸಾಗಿ ಆಚೆ ಹೋಯಿತು. ತಡೆದದ್ದು ನೆವೆನಾಳ ಚೀಲವನ್ನು.

ತಪಾಸಣೆಯ ಹೆಂಗಸು, ಅವರದೇ ವಯಸ್ಸಿನವಳು, ಕೈಗವಸು ಹಾಕಿಕೊಂಡು ಚೀಲ ಬಿಚ್ಚಿದಳು. ಮುಚ್ಚಳವಿದ್ದ ಡಬ್ಬಿಯಲ್ಲಿ ಬೇಯಿಸಿದ ಗೋಧಿ. ಒದ್ದೆ ಬಟ್ಟೆಯಲ್ಲಿ ಸುತ್ತಿದ ಚೆರ್ರಿ. ಜೇನುಮೇಣದ ಸಣ್ಣ ಬತ್ತಿ. ಪುಟ್ಟ ಬಾಟಲಿಯಲ್ಲಿ ಕೆಂಪು ವೈನು. ಆಕೆಯ ಕೈ ನಿಂತಿತು.

"ಅಯ್ಯೋ ಅಕ್ಕಾ! ನಾಳೆ ಚೆರ್ರಿ ಶನಿವಾರ ಅಲ್ವಾ? ಇವತ್ತು ಹೊರಟಿದ್ದೀರಲ್ಲ!"

"ಹೊರಟಿದ್ದೀವಿ" ಎಂದಳು ನೆವೆನಾ.

ಬೇಡವೆಂದ ಚೆರ್ರಿ, ನಾಳೆ ಶನಿವಾರ ಎಂದದ್ದು, ಬಾಗಿಲು ಮುಚ್ಚಿ ದೋನ್ಕಾಳಿಗೆ ಮಾಡಿದ ಫೋನು, ಎಲ್ಲ ಒಟ್ಟಿಗೆ ಲ್ಯುಬೆನ್‌ನ ಎದುರು ಬಂದು ನಿಂತವು. ಬೂಟು ಬಿಚ್ಚಿ ಕಾಲುಚೀಲದಲ್ಲಿ ನಿಂತಿದ್ದ ಮನುಷ್ಯ ಅವನು. ಅಂಥ ಸ್ಥಿತಿಯಲ್ಲಿ ತನ್ನ ಪೆದ್ದುತನ ಗೊತ್ತಾಗುವುದು ಯಾರಿಗೂ ಬೇಡ.

"ಗೋಧಿ ತಗೊಂಡು ಹೋಗಿ, ಹಣ್ಣೂ ಪರವಾಗಿಲ್ಲ. ವೈನು ಮಾತ್ರ ಬಿಡೋ ಹಾಗಿಲ್ಲ ಅಕ್ಕಾ. ನನ್ನ ಕೆಲಸ ಹೋಗುತ್ತೆ" ಎಂದು ಆಕೆ ದನಿ ತಗ್ಗಿಸಿದಳು. "ಕಸದ ಡಬ್ಬಕ್ಕೆ ಹಾಕಲ್ಲ. ಸಿಬ್ಬಂದಿ ಬಾಗಿಲ ಹತ್ತಿರ ಒಂದು ಗಿಡ ಇದೆ, ಅದರ ಬುಡಕ್ಕೆ ನಾನೇ ಸುರೀತೀನಿ. ಯಾರ ಹೆಸರು?"

"ಜಹಾರಿ."

"ಜಹಾರಿಯನ್ನ ದೇವರು ಕ್ಷಮಿಸಲಿ" ಎಂದಳು ಆಕೆ, ಬಾಟಲಿಯನ್ನು ಪಕ್ಕಕ್ಕಿಟ್ಟು. ಆಮೇಲೆ ಹಿಂದಿದ್ದವನ ಮೇಲೆ ರೇಗಿದಳು: "ಬೆಲ್ಟು ಬಿಚ್ಚಿ ಸ್ವಾಮಿ, ಎಷ್ಟು ಸಲ ಹೇಳ್ಬೇಕು!"

ಬೂಟಿನ ದಾರ ಕಟ್ಟುತ್ತಾ ಲ್ಯುಬೆನ್ ತಲೆಯೆತ್ತದೆ ಕೇಳಿದ: "ಹೇಳ್ಬಾರದಿತ್ತಾ ನೀನು?"

"ನೀನು ಕೇಳ್ಬಾರದಿತ್ತಾ?"

"ವಾಪಸ್ಸು ಹೋಗೋಣ ಬೇಕಾದ್ರೆ."

"ಸುಮ್ನೆ ನಡಿ. ಸಮಾಧಿ ಹತ್ರ ದೋನ್ಕಾ ಹೋಗ್ತಾಳೆ. ಆದ್ರೆ ಹಂಚೋದು ನಾನೇ ಹಂಚ್ಬೇಕು. ವೆನಿಸ್‌ನಲ್ಲಿ ಮನುಷ್ಯರಿಲ್ವಾ? ಇರ್ತಾರೆ."

ಈಸ್ಟರಿಗೆ ಮುಂಚಿನ ಗುರುವಾರ ಸತ್ತವರಿಗೆಲ್ಲ ಬಾಗಿಲು ತೆರೆಯುತ್ತದೆ, ಅವರು ಬಂದು ತಮ್ಮ ತಮ್ಮ ಜನರ ಸುತ್ತ ಸುಳಿದಾಡಿಕೊಂಡಿರುತ್ತಾರೆ, ಚೆರ್ರಿ ಶನಿವಾರ ವಾಪಸ್ಸು ಹೋಗಬೇಕು. ಹೋಗುವವರನ್ನು ಉಣಿಸಿ ಕಳಿಸಬೇಕು. ಲ್ಯುಬೆನ್‌ನ ಅಜ್ಜಿಯೂ ಇದನ್ನೇ ಹೇಳುತ್ತಿದ್ದಳು. ವಿಮಾನದಲ್ಲಿ ಅವನು ಕಣ್ಣುಮುಚ್ಚಿ ಕೂತು ಅದನ್ನೇ ಯೋಚಿಸಿದ: ಅಂದರೆ ಇಷ್ಟು ದಿನ ಜಹಾರಿ ನಮ್ಮ ಮನೆಯಲ್ಲೇ ಇದ್ದ. ಈಗ ಈ ವಿಮಾನದಲ್ಲೂ ಇದ್ದಾನೆ, ಟಿಕೇಟಿಲ್ಲದೆ.

ವೆನಿಸ್‌ಗೆ ಹೋಗುವ ಬಸ್ಸು ಸಮುದ್ರದ ಮೇಲಿನ ಉದ್ದ ಸೇತುವೆ ದಾಟುವಾಗ ನೆವೆನಾ ಬಲಗಡೆಯ ಕಿಟಕಿಗೆ ಹಣೆಯೊತ್ತಿ ಕೂತಿದ್ದಳು. ಅಲ್ಲಿ ದೂರದಲ್ಲಿ ಪ್ರವಾಸಿ ಬಸ್ಸುಗಳು ಸಾಲಾಗಿ ನಿಂತಿದ್ದವು. ಬಸ್ಸು ತಿರುಗಿದ ಮೇಲೂ ಅವಳು ಕುತ್ತಿಗೆ ಹೊರಳಿಸಿ ನೋಡಿದಳು. ನೀರು ನೋಡುತ್ತಿದ್ದಾಳೆ ಎಂದುಕೊಂಡ ಇವನು.

ಆ ಸಂಜೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಉಂಡರು, ನಡೆದರು. ರಸ್ತೆಯೇ ಇಲ್ಲದ ಊರಿನಲ್ಲಿ ಕಾರು ಕಲಿಸುವ ಮೇಷ್ಟ್ರು ಎರಡು ಸಲ ದಾರಿ ತಪ್ಪಿಸಿದ. ಊರು ಚೆನ್ನಾಗಿತ್ತು, ಅದರಲ್ಲಿ ತಕರಾರಿಲ್ಲ. ಆದರೆ ಅವನಿಗೆ ಪ್ರತಿ ಮೂಲೆಯಲ್ಲೂ ಅವಳ ಹೆಗಲಿನ ಚೀಲವೇ ಕಾಣುತ್ತಿತ್ತು.

ಬೆಳಿಗ್ಗೆ ಅವಳು ಒಂದು ಚರ್ಚಿನೊಳಗೆ ಹೋದಳು. ಅಲ್ಲಿ ಬತ್ತಿ ಹಚ್ಚುವ ಮರಳಿನ ತಟ್ಟೆಯಿರಲಿಲ್ಲ, ನಾಣ್ಯ ಹಾಕಿದರೆ ಹೊತ್ತಿಕೊಳ್ಳುವ ಕರೆಂಟಿನ ದೀಪಗಳಿದ್ದವು. ಬತ್ತಿಯನ್ನು ಚೀಲಕ್ಕೇ ಹಾಕಿಕೊಂಡು ಹೊರಬಂದಳು. ಆಮೇಲೆ ಜನ ಹೆಚ್ಚಾಗಿ ಓಡಾಡುವ ಒಂದು ಸೇತುವೆಯ ಮೇಲೆ ನಿಂತು ಡಬ್ಬಿ ತೆರೆದಳು. "ನೀನು ಆ ಕಡೆ ಇರು. ಇಬ್ಬರು ನಿಂತರೆ ಜನ ಹೆದರ್ತಾರೆ" ಎಂದಳು. ಲ್ಯುಬೆನ್ ಸೇತುವೆಯ ಕೆಳಗೆ, ಒಂದು ಅಂಗಡಿಯ ಗೋಡೆಗೆ ಒರಗಿ ನಿಂತ.

ಆ ಸೇತುವೆಯ ಮೇಲೆ ಆಗಲೇ ಇಬ್ಬರು ಗುಲಾಬಿ ಮಾರುವವರಿದ್ದರು. ಪ್ರವಾಸಿಗಳು ಅವರನ್ನು ಹೇಗೆ ದಾಟುತ್ತಿದ್ದರೋ ಇವಳನ್ನೂ ಹಾಗೆಯೇ ದಾಟಿದರು. ಅವಳು ಕಾಗದದ ಲೋಟದಲ್ಲಿ ಒಂದು ಚಮಚ ಗೋಧಿ, ಎರಡು ಚೆರ್ರಿ ಇಟ್ಟು ಕೈ ಚಾಚಿದರೆ, ಅವರು ಅಂಗೈ ಎತ್ತಿ ಬೇಡ ಬೇಡ ಎಂದು ಸರಿದರು. ಒಬ್ಬ ಹೆಂಗಸು ಕೈಚೀಲವನ್ನು ಎದೆಗೆ ಅವಚಿಕೊಂಡಳು. ಒಬ್ಬ ಗಂಡಸು ನಾಣ್ಯ ಕೊಡಲು ಬಂದ. ನೆವೆನಾ ತಲೆಯಲ್ಲಾಡಿಸಿದಾಗ ಅವನು ಭುಜ ಕುಣಿಸಿ ನಡೆದ. ಕೊನೆಗೆ ಗುಲಾಬಿಯವನೇ ಬಂದು, ಇದು ನನ್ನ ಜಾಗ, ಆಚೆ ಹೋಗು ಎಂದು ಕೈ ಬೀಸಿದ. ಅವಳು ಅವನಿಗೂ ಲೋಟ ಚಾಚಿದಳು. ಅವನು ಅದನ್ನು ನೋಡಿ, ಮೂಸಿ, ವಾಪಸ್ಸು ಕೊಟ್ಟ.

ಲ್ಯುಬೆನ್ ನೋಡುತ್ತಲೇ ಇದ್ದ. ಒಳ್ಳೆಯ ನೀಲಿ ಉಡುಪು ಹಾಕಿಕೊಂಡಿದ್ದಳು. ಅದನ್ನು ಅವಳೇ ಹೊಲಿದದ್ದು. ಊರಿನಲ್ಲಿ ಯಾರೂ ಅವಳ ಕೈಯಿಂದ ಬಂದದ್ದನ್ನು ಬೇಡವೆಂದದ್ದನ್ನು ಅವನು ಕಂಡಿರಲಿಲ್ಲ. ಹಾಗೆಂದುಕೊಳ್ಳುತ್ತಿದ್ದಂತೆಯೇ ನೆನಪಾಯಿತು, ಒಬ್ಬ ಅಂದಿದ್ದ. ಒಂದು ಬೆರಳಿನಿಂದ ಬಟ್ಟಲು ತಳ್ಳಿದ್ದ. ಅವನಿಗೆ ನಾಚಿಕೆಯಾಯಿತು. ಮುಖ ಮುಚ್ಚಿಕೊಳ್ಳುವಷ್ಟು ನಾಚಿಕೆಯಾಯಿತು.

ಮೆಟ್ಟಿಲು ಹತ್ತಿ ಹೋಗಿ ಅವಳ ಕೈಯಿಂದ ಚೀಲ ತೆಗೆದುಕೊಂಡ. "ಸಾಕು ಬಾ. ಇವರಿಗೆ ಕೊಟ್ಟರೂ ದಂಡ."

ನೀರಿನ ಅಂಚಿನ ಕಲ್ಲಿನ ಮೇಲೆ ಕೂತರು. ನೆವೆನಾ ಅಳಲಿಲ್ಲ. ಡಬ್ಬಿಯ ಮುಚ್ಚಳವನ್ನು ಹಾಕಿ ತೆಗೆದು ಮಾಡುತ್ತಾ ಕೂತಿದ್ದಳು.

"ಈ ಊರಲ್ಲಿ ಒಂದು ಹಿಡಿ ಮಣ್ಣೂ ಇಲ್ಲ ನೋಡು. ಬತ್ತಿ ಎಲ್ಲಿ ನೆಡೋದು?" ಎಂದಳು. ಮುಚ್ಚಳವನ್ನು ಒತ್ತಿ ಮುಚ್ಚಿ, "ಅವನಿಗೆ ಈ ಊರು ನೋಡ್ಬೇಕು ಅಂತ ಬಹಳ ಇತ್ತು. ಎರಡು ಸಲ ಬಂದಿದ್ದ."

ಲ್ಯುಬೆನ್ ತಿರುಗಿ ನೋಡಿದ. "ನೋಡಿಲ್ಲ ಅಂದೆಯಲ್ಲೇ!"

"ನೋಡಿಲ್ಲ. ಬಸ್ಸು ಊರೊಳಗೆ ಬಿಡಲ್ವಲ್ಲ. ಜನರನ್ನ ಇಳಿಸಿ, ಅದೋ ನಿನ್ನೆ ಸೇತುವೆ ಪಕ್ಕ ಬಸ್ಸುಗಳು ನಿಂತಿದ್ವಲ್ಲ, ಅಲ್ಲೇ ನಿಲ್ಲಿಸಿಕೊಂಡು ಕಾಯ್ತಿದ್ದ. ಬಸ್ಸಿನ ಹಿಂದಿನ ಬಾಗಿಲು ಸರಿಯಾಗಿ ಹಾಕ್ಕೊಳ್ತಿರಲಿಲ್ಲ. ಒಳಗೆ ಜನರ ಸಾಮಾನು, ಬಿಟ್ಟು ಹೇಗೆ ಹೋಗೋದು? ಬೆಳಿಗ್ಗೆಯಿಂದ ಸಂಜೆವರೆಗೆ ಅಲ್ಲೇ ಕೂತು ಗೋಪುರದ ತುದಿ ನೋಡಿಕೊಂಡು ಬಂದ. ಆ ದಿನ ಟೀವಿ ಮುಂದೆ ಅದನ್ನೇ ಹೇಳೋಕೆ ಹೋದೆ. ನೀನು ಎದ್ದು ಹೋದೆ."

ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ಅವನಿಗೆ ತಿಳಿಯಲಿಲ್ಲ. ಭೂಮಿಯ ಮೇಲಿನ ಊರುಗಳನ್ನೆಲ್ಲ ಜಾಲಾಡಿ ಒಂದನ್ನು ಹಿಡಿದರೆ, ಅದರ ಹೊಸ್ತಿಲಲ್ಲೇ ಜಹಾರಿ ಕೂತಿದ್ದಾನೆ. ಅದೂ ಒಳಗೆ ಬರಲಾಗದೆ, ಬೇರೆಯವರ ಸಾಮಾನು ಕಾಯುತ್ತಾ. ಲ್ಯುಬೆನ್ ಜೀವಮಾನವೆಲ್ಲ ಬೇರೆಯವರು ಓಡಿಸುವ ಕಾರಿನಲ್ಲಿ ಕೂತವನು. ಕಾಯುವುದೆಂದರೆ ಏನೆಂದು ಅವನಿಗೂ ಗೊತ್ತಿತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ ಅವನಿಗೆ ಜಹಾರಿಯ ಬಗ್ಗೆ ಅಯ್ಯೋ ಅನಿಸಿತು.

"ಏಳು" ಎಂದ.

"ಎಲ್ಲಿಗೆ?"

"ಅಲ್ಲಿಗೇ. ಬಸ್ಸು ನಿಲ್ಲೋ ಜಾಗಕ್ಕೆ. ಅಲ್ಲಿ ಡ್ರೈವರುಗಳಿರ್ತಾರೆ. ಮಣ್ಣೂ ಇರುತ್ತೆ."

"ಲ್ಯುಬೊ, ನೀನು ದುಡ್ಡು ಕೊಟ್ಟು ಕರ್ಕೊಂಡು ಬಂದಿರೋದು ಬಸ್ ಸ್ಟ್ಯಾಂಡ್ ತೋರಿಸೋಕಾ?"

"ಏಳೇ ಅಂದ್ರೆ!"

ಈ ಸಲ ಅವನು ದಾರಿ ತಪ್ಪಲಿಲ್ಲ. ಬಸ್ಸುಗಳಿದ್ದ ಕಡೆಗೆ ಅವನ ಕಾಲು ತಾನಾಗಿ ನಡೆಯುತ್ತಿತ್ತು. ಬಿಸಿಲಿಗೆ ಕಾದ ಟಾರು, ಎಣ್ಣೆಯ ವಾಸನೆ, ಖಾಲಿ ಬಸ್ಸುಗಳ ಸಾಲು. ತಂತಿ ಬೇಲಿಯ ಉದ್ದಕ್ಕೂ ಒಂದು ಮೊಳ ಅಗಲದ ಮಣ್ಣು, ಅದರಲ್ಲಿ ಧೂಳು ಹಿಡಿದ ಹುಲ್ಲು. ಬೆಲ್‌ಗ್ರೇಡಿನ ಒಂದು ಬಸ್ಸಿನ ನೆರಳಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ದಪ್ಪ ಹೊಟ್ಟೆಯ ಡ್ರೈವರೊಬ್ಬ ಕೂತು ಟೊಮೆಟೊ ಹೆಚ್ಚುತ್ತಿದ್ದ.

ನೆವೆನಾ ಲೋಟ ತುಂಬಿ ಅವನ ಮುಂದೆ ಚಾಚಿದಳು. ಅವನು ಗೋಧಿ ನೋಡಿದ, ಚೆರ್ರಿ ನೋಡಿದ. ಚಾಕು ಕೆಳಗಿಟ್ಟು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಟೋಪಿ ತೆಗೆದು ಎದ್ದು ನಿಂತ. ಅವನ ಮಾತು ಸರ್ಬಿಯಾದ್ದು, ಇವರದು ಬಲ್ಗೇರಿಯಾದ್ದು. ಅರ್ಥವಾಗಲು ಏನೂ ಅಡ್ಡಿಯಿರಲಿಲ್ಲ.

"ಅಯ್ಯೋ, ಇವತ್ತೇ ಅಲ್ವಾ! ನನ್ನ ಹೆಂಡತಿ ಬೆಳಿಗ್ಗೆ ಫೋನ್ ಮಾಡಿ ಬೈದಳು. ಯಾರಿಗಮ್ಮಾ?"

"ಜಹಾರಿಗೆ. ಡ್ರೈವರಾಗಿದ್ದ."

"ಡ್ರೈವರಾ? ಹಾಗಾದ್ರೆ ನಮ್ಮವನೇ ಬಿಡಿ" ಎಂದು ಅವನು ಗೋಧಿ ಬಾಯಿಗೆ ಹಾಕಿಕೊಂಡು, "ಜಹಾರಿಯನ್ನ ದೇವರು ಕ್ಷಮಿಸಲಿ" ಎಂದ. ಜಗಿಯುತ್ತಾ ಕೇಳಿದ: "ಯಾವ ಬಸ್ಸು ಓಡಿಸ್ತಿದ್ದ?"

ನೆವೆನಾ ಬಾಯಿ ತೆರೆಯುವಷ್ಟರಲ್ಲಿ ಉತ್ತರ ಪಕ್ಕದಿಂದ ಬಂತು.

"ನೀಲಿ ಬಸ್ಸು" ಎಂದ ಲ್ಯುಬೆನ್. "ಹಳೇದು. ಹಿಂದಿನ ಬಾಗಿಲು ಹಾಕ್ಕೊಳ್ತಿರಲಿಲ್ಲ, ಹಗ್ಗ ಕಟ್ಟಿಕೊಂಡಿದ್ದ. ಆದ್ರೆ ಒಳ್ಳೆ ಡ್ರೈವರು. ವಾರ್ನಾದಿಂದ ಸೋಫಿಯಾವರೆಗೆ ಬರಿಗಾಲಲ್ಲಿ ಓಡಿಸಿದ್ದಾನೆ, ಚಪ್ಪಲಿ ಕಿತ್ತುಹೋಗಿ. ಥೆಸಲೋನಿಕಿಯಲ್ಲಿ ಮೀನು ಮಾರ್ಕೆಟ್ಟಿಗೆ ನುಗ್ಗಿಸಿ, ಒಂದು ಬುಟ್ಟಿಯನ್ನೂ ಬೀಳಿಸದೆ ಹಿಂದಕ್ಕೆ ತಗೊಂಡು ಬಂದ. ನನ್ನ ಶಿಷ್ಯರಲ್ಲಿ ಒಬ್ಬನ ಕೈಲಿ ಆಗಲಿ ನೋಡೋಣ, ಆಗಲ್ಲ!"

"ಭಲೇ!" ಎಂದ ಸರ್ಬಿಯಾದವನು. "ನಿಮ್ಮ ತಮ್ಮನಾ?"

"ನಮ್ಮ ಮನೆಯವನು" ಎಂದ ಲ್ಯುಬೆನ್.

ನೆವೆನಾ ಅವನನ್ನೇ ನೋಡುತ್ತಿದ್ದಳು. ಆ ಕಥೆಗಳನ್ನು ತಾನು ಹೇಳುವಾಗಲೆಲ್ಲ ಅವನು ಮುಖ ತಿರುಗಿಸಿಕೊಂಡು ಕೂತಿರುತ್ತಿದ್ದುದನ್ನಷ್ಟೇ ಅವಳು ಕಂಡಿದ್ದು. ಒಂದೂ ಬಿಡದೆ ಕೇಳಿಸಿಕೊಂಡಿದ್ದಾನೆ ಎನ್ನುವುದು ಅವಳಿಗೆ ಈಗ ತಿಳಿಯಿತು. ನಿಜ ಹೇಳಬೇಕೆಂದರೆ ಅವನಿಗೂ ಈಗಲೇ ತಿಳಿದದ್ದು.

ಸುರಿಯಲು ವೈನು ಇಲ್ಲವೆಂದು ಗೊತ್ತಾಗಿ ಸರ್ಬಿಯಾದವನು ಬಸ್ಸಿನೊಳಗಿಂದ ಪ್ಲಮ್ ಹಣ್ಣಿನ ಸಾರಾಯಿಯ ಬಾಟಲಿ ತಂದ. "ನಾನು ಮುಟ್ಟಲ್ಲ, ಸಂಜೆ ಓಡಿಸ್ಬೇಕು. ಅವನಿಗೆ ಈಗ ಯಾವ ಪೊಲೀಸಿನ ಭಯ, ಧಾರಾಳವಾಗಿ ಹಾಕಿ" ಎಂದ. ನೆವೆನಾ ಬೇಲಿಯ ಬುಡದಲ್ಲಿ ಮಂಡಿಯೂರಿ ಬತ್ತಿ ನೆಟ್ಟು, ಹಚ್ಚಿ, ಮಣ್ಣಿಗೆ ಸಾರಾಯಿ ಸುರಿದಳು. ಅಲ್ಲಿಂದ ನೋಡಿದರೆ ನೀರಿನಾಚೆ ಗೋಪುರದ ತುದಿ ಕಾಣುತ್ತಿತ್ತು, ಅಷ್ಟೇ ಕಾಣುತ್ತಿತ್ತು. ಸರ್ಬಿಯಾದವನು ಇನ್ನೊಂದು ಲೋಟ ಗೋಧಿ ಕೇಳಿ ಪಡೆದು, ಪಕ್ಕದ ಬಸ್ಸಿನವನಿಗೆ ಕೊಡಲು ಹೊರಟ.

ಲ್ಯುಬೆನ್ ಬೂದು ಕೋಟಿನಲ್ಲಿ ಬೆವರುತ್ತಾ ನಿಂತಿದ್ದ. ನೆವೆನಾ ಮಂಡಿಯ ಮಣ್ಣು ಕೊಡವಿಕೊಂಡು ಎದ್ದಳು. ಡಬ್ಬಿಯಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು.

ಅವನು ಅಂಗೈ ಚಾಚಿದ.

ಅವಳು ಕೈಯನ್ನೂ ನೋಡಿದಳು, ಮುಖವನ್ನೂ ನೋಡಿದಳು. "ಅವನ ಪಾಲು ನಿನಗ್ಯಾಕೆ?"

"ತಪ್ಪಾಯ್ತು ಕಣೇ. ಕೊಡು."

ಅವಳು ಚಮಚ ಬಿಟ್ಟು ಕೈಯಿಂದಲೇ ತೆಗೆದು ಅವನ ಅಂಗೈ ತುಂಬ ಹಾಕಿದಳು, ಮೇಲೆರಡು ಚೆರ್ರಿ ಇಟ್ಟಳು.

"ಜಹಾರಿಯನ್ನ ದೇವರು ಕ್ಷಮಿಸಲಿ" ಎಂದ. ನಾಲ್ಕು ವರ್ಷದಲ್ಲಿ ಆ ಹೆಸರು ಅವನ ಬಾಯಿಂದ ಬಂದದ್ದು ಅದೇ ಮೊದಲು. "ನನ್ನನ್ನೂ" ಎಂದು ಸೇರಿಸಿ ಅಷ್ಟನ್ನೂ ಒಟ್ಟಿಗೆ ಬಾಯಿಗೆ ತುಂಬಿಕೊಂಡ. ಸಿಹಿಯಾಗಿತ್ತು. ಜಗಿಯುವಾಗ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ.

ನೆವೆನಾ ಒಂದು ಚೆರ್ರಿಯನ್ನು ತೆಗೆದು ತನ್ನ ಬಾಯಿಗೆ ಹಾಕಿಕೊಂಡಳು. ಆ ವರ್ಷದ ಮೊದಲನೆಯದು. ಬೀಜವನ್ನು ಬೇಲಿಯಾಚೆಗೆ ಉಗಿದು, ಅವನ ಕೋಟಿನ ಎದೆಯ ಮೇಲಿನ ಧೂಳನ್ನು ಕೈಯಿಂದ ತಟ್ಟಿದಳು. ಒಳಜೇಬಿದ್ದ ಕಡೆ ಅವಳ ಕೈ ನಿಂತಿತು.

"ಇನ್ನು ಕೇಳು" ಎಂದಳು.

ಅವನು ಕಣ್ಣು ಬಿಟ್ಟುಕೊಂಡು ನೋಡಿದ.

"ತೂತು ಹೊಲಿದದ್ದು ಯಾರು ಅಂದ್ಕೊಂಡೆ? ಮಾರ್ಚ್ ತಿಂಗಳಲ್ಲೇ ಹೊಲಿದೆ. ಬಿದ್ದುಹೋದ್ರೆ ಏನು ಗತಿ ಅಂತ ಎರಡು ಸಲ ಹೊಲಿಗೆ ಹಾಕಿದೀನಿ. ಕೇಳು ಮತ್ತೆ."

ಕೇಳಬೇಕೆಂದೇ ಅವನು ಸಮುದ್ರ ದಾಟಿ ಬಂದದ್ದು. ಮಾತುಗಳನ್ನು ಕನ್ನಡಿಯ ಮುಂದೆ ನಿಂತು ಕಲಿತಿದ್ದ. ಈಗ ಬಾಯಿ ತುಂಬ ಜಹಾರಿಯ ಗೋಧಿ.

"ಮೊದ್ಲು ನುಂಗೋಕೆ ಬಿಡೇ" ಎಂದ.

"ನುಂಗು" ಎಂದಳು ನೆವೆನಾ. "ನಿಧಾನಕ್ಕೆ ನುಂಗು. ನಾನು ಇಲ್ಲೇ ಇರ್ತೀನಿ."